ಮೊದಲ ಉತ್ತರ ಕೊಡುವವರು ಯಾರು?

ಮುಕ್ತ ತಂತ್ರಾಂಶದ ಪರವಾನಗಿ ಯಾರ ಊರನ್ನೂ ಕೇಳುವುದಿಲ್ಲ. ಸೋರ್ಸ್ ಕೋಡ್ ಓದಲು, ತಿದ್ದಲು, ಇನ್ನೊಬ್ಬರಿಗೆ ಹಂಚಲು ಬೆಂಗಳೂರಿನ ಎಂಜಿನಿಯರಿಗೆ ಎಷ್ಟು ಹಕ್ಕಿದೆಯೋ ಹುಳಿಯಾರಿನ ಪಕ್ಕದ ಕೆಂಕೆರೆಯಿಂದ ಕಾಲೇಜಿಗೆ ಹೋಗಿಬರುವ ಹುಡುಗಿಗೂ ಅಷ್ಟೇ ಹಕ್ಕಿದೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ, ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರಗೆ ಬಿಟ್ಟಾಗ ಶುರುವಾದದ್ದು ಈ ಹಕ್ಕಿನ ಕಥೆ. ಆ ಹಕ್ಕನ್ನು ಹಿಡಿದುಕೊಂಡು ಬಂದವರನ್ನು ಅಲ್ಲಿ ಮೊದಲೇ ಕೂತಿರುವವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಬೇರೆಯದೇ ಕಥೆ. ಅದು ಇನ್ನೂ ಇತ್ಯರ್ಥವಾಗಿಲ್ಲ. ಹೊರದೇಶಗಳಲ್ಲೂ ನಮ್ಮಲ್ಲೂ ಹೊಸಬರನ್ನು ಕರೆತರಲು ಹಲವು ಪ್ರಯತ್ನಗಳಾಗಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖಚಿತವಾಗಿ ಕಾಣುವುದು ಇಷ್ಟು: ಹೊಸಬರು ಕಳಿಸಿದ ಮೊದಲ ಕೆಲಸಕ್ಕೆ ಯಾರೋ ಒಬ್ಬರು ಎಷ್ಟು ಬೇಗ, ಯಾವ ಭಾಷೆಯಲ್ಲಿ, ಎಷ್ಟು ತಾಳ್ಮೆಯಿಂದ ಉತ್ತರ ಕೊಡುತ್ತಾರೆ ಎನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ.

ಇದು ಬರೀ ಅನಿಸಿಕೆಯ ಮಾತಾಗಿ ಉಳಿದಿಲ್ಲ. ಬ್ರೆಜಿಲ್‌ನ ಸಂಶೋಧಕ ಇಗೋರ್ ಸ್ಟೈನ್‌ಮಾಕರ್ ಮತ್ತು ಸಂಗಡಿಗರು ಹೊಸಬರ ದಾರಿಗೆ ಅಡ್ಡ ಬರುವ 58 ತೊಡಕುಗಳನ್ನು ಗುರುತಿಸಿದ್ದಾರೆ. ಯೋಜನೆಯನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಲು ಆಗದಿರುವುದು, ಹಳತಾದ ಕೈಪಿಡಿ, ಯಾವ ಕೆಲಸ ಎತ್ತಿಕೊಳ್ಳಬೇಕೆಂದು ತಿಳಿಯದಿರುವುದು ಅವುಗಳಲ್ಲಿವೆ. ಅವುಗಳ ಜೊತೆಗೇ ಉತ್ತರ ಬಾರದಿರುವುದು, ಬಂದರೂ ತಡವಾಗುವುದು, ಒರಟಾಗಿರುವುದು, ಸಂಕೋಚ, ಇಂಗ್ಲಿಷ್ ಸಾಲದಿರುವುದು ಕೂಡ ಇವೆ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಹೊಸಬರಿಂದ ಬಂದ ಪ್ಯಾಚ್‌ಗಳ (ಕೋಡಿನ ತಿದ್ದುಪಡಿಗಳ) ಲೆಕ್ಕ ತೆಗೆದಾಗ, 48 ಗಂಟೆಯೊಳಗೆ ಪರಿಶೀಲನೆ ಸಿಕ್ಕವರು ಮತ್ತೆ ಬರುವ ಪ್ರಮಾಣ ತುಂಬ ಹೆಚ್ಚಿತ್ತು. ಏಳು ದಿನಕ್ಕಿಂತ ಹೆಚ್ಚು ಕಾದವರಲ್ಲಿ ಹೆಚ್ಚುಕಮ್ಮಿ ಯಾರೂ ತಿರುಗಿ ಬಂದಿರಲಿಲ್ಲ. ಬರೆದ ಕೋಡ್ ಚೆನ್ನಾಗಿತ್ತೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

ವಿಕಿಪೀಡಿಯದ ಅನುಭವ ಇದಕ್ಕೆ ಇನ್ನೊಂದು ಮುಖ ಸೇರಿಸುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಅಲ್ಲಿಂದ ಇಳಿಯತೊಡಗಿತು. ಕಿಡಿಗೇಡಿಗಳನ್ನು ತಡೆಯಲು ಮಾಡಿಕೊಂಡ ಸ್ವಯಂಚಾಲಿತ ಸಾಧನಗಳು ಸದುದ್ದೇಶದಿಂದ ಬಂದ ಹೊಸಬರ ಬರಹವನ್ನೂ ಕ್ಷಣದಲ್ಲಿ ಅಳಿಸಿಹಾಕುತ್ತಿದ್ದವು, ಅವರು ಬೇಸತ್ತು ಹೊರಟುಹೋಗುತ್ತಿದ್ದರು ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಷ್ಟರಲ್ಲಿ 2012ರಿಂದಲೇ ಅಲ್ಲಿ ‘ಟೀಹೌಸ್’ ಎಂಬ ಜಾಗ ತೆರೆದಿತ್ತು. ಹೊಸಬರು ಎಂಥ ಸಣ್ಣ ಪ್ರಶ್ನೆ ಕೇಳಿದರೂ ಅನುಭವಿಗಳು ಸಮಾಧಾನದಿಂದ ಉತ್ತರಿಸಬೇಕು ಎಂಬುದು ಅಲ್ಲಿಯ ಕಟ್ಟುಪಾಡು. ‘ಹೊಸಬರನ್ನು ಕಚ್ಚಬೇಡಿ’ ಎಂಬ ಮಾರ್ಗಸೂಚಿ ಅದಕ್ಕಿಂತ ಎಷ್ಟೋ ಮೊದಲಿನಿಂದ ಇತ್ತು. ಮಾರ್ಗಸೂಚಿ ಇದ್ದೂ ಜನ ಹೊರಟುಹೋದರು; ಉತ್ತರ ಕೊಡುವುದನ್ನೇ ತಮ್ಮ ಕೆಲಸವೆಂದು ಕೆಲವರು ಕೂತಾಗ ಮಾತ್ರ ಒಂದಿಷ್ಟು ಜನ ಉಳಿಯತೊಡಗಿದರು.

ಇನ್ನು ಕನ್ನಡದ ಕಡೆಗೆ ಬರೋಣ. ಇಲ್ಲಿ ಹೇಳಬೇಕಾದದ್ದು ಹೆಚ್ಚಿದೆ.

ಕಂಪ್ಯೂಟರಿನಲ್ಲಿ ಕನ್ನಡ ಎಂದೊಡನೆ ನಮ್ಮ ತಲೆಮಾರಿಗೆ ನೆನಪಾಗುವುದು ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ತಾಲ್ಲೂಕು ಕಚೇರಿ, ಡಿಟಿಪಿ ಅಂಗಡಿ, ಪತ್ರಿಕಾ ಕಚೇರಿಗಳಲ್ಲಿ ಕನ್ನಡ ಮೂಡಿದ್ದು ಇವುಗಳಿಂದ. ಆ ಋಣ ದೊಡ್ಡದು. ಆದರೆ ಆ ಕಾಲದಲ್ಲಿ ಎರಡರ ಸೋರ್ಸ್ ಕೋಡೂ ತೆರೆದಿರಲಿಲ್ಲ. ಪುಕ್ಕಟೆಯಾಗಿ ಸಿಗುವುದಕ್ಕೂ ಮುಕ್ತವಾಗಿರುವುದಕ್ಕೂ ಇರುವ ಅಂತರ ನಮ್ಮ ನಾಡಿನಲ್ಲಿ ಬಹಳ ಕಾಲ ಮಸುಕಾಗಿಯೇ ಉಳಿಯಿತು. ಒತ್ತಕ್ಷರ ಸರಿ ಬರದಿದ್ದರೆ ‘ಅವರು ಸರಿಮಾಡಬೇಕು’ ಎಂದು ಕಾಯುವುದನ್ನು ನಾವು ಕಲಿತೆವು. ‘ನಾನೇ ನೋಡಲೇ’ ಎಂದು ಕೇಳಲು ಅವಕಾಶವೇ ಇರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಂಡದ್ದು, ಭಾಷೆಯ ಉಪಕರಣ ಭಾಷಿಕರ ಕೈಯಲ್ಲಿರಬೇಕು ಎಂಬ ಆತಂಕದಿಂದಲೇ ಎಂದು ನಾನು ತಿಳಿದಿದ್ದೇನೆ.

ಇದೇ ಹೊತ್ತಿನಲ್ಲಿ ಹೆಚ್ಚು ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಲಿನಕ್ಸಿನ ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳ ಮತ್ತು ಫೈರ್‌ಫಾಕ್ಸ್‌ನ ಮೆನುಗಳನ್ನು, ಡೆಬಿಯನ್ ಎಂಬ ಲಿನಕ್ಸಿನ ಇನ್‌ಸ್ಟಾಲರನ್ನು ಸ್ವಯಂಸೇವಕರು ಕನ್ನಡಕ್ಕೆ ತಂದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಸೇರಿಕೊಂಡಿತು; ಯಾವ ತಂತ್ರಾಂಶವನ್ನೂ ಹೊಸದಾಗಿ ಹಾಕಿಕೊಳ್ಳದೆ ಅದನ್ನು ಆರಿಸಿಕೊಳ್ಳಬಹುದು. ಅರವಿಂದ ವಿ.ಕೆ. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಮುಕ್ತ ಫಾಂಟುಗಳನ್ನು ಕೊಟ್ಟರು. ಇವತ್ತು ಡೆಬಿಯನ್ ಭಂಡಾರದಿಂದ ಯಾರು ಬೇಕಾದರೂ ಅವನ್ನು ಇಳಿಸಿಕೊಳ್ಳಬಹುದು. 2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯ 30 ಸಾವಿರ ಲೇಖನಗಳನ್ನು ದಾಟಿದೆ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ ವಚನಗಳನ್ನು ಪದಪದವಾಗಿ ಹುಡುಕಬಹುದಾದ ‘ವಚನ ಸಂಚಯ’ವನ್ನು ಕಟ್ಟಿತು. ಇದರಲ್ಲಿ ಬಹಳಷ್ಟು, ಸರ್ಕಾರದ ಆದೇಶ, ಕಂಪನಿಯ ಲಾಭ ಎರಡೂ ಇಲ್ಲದೆ, ಸಂಜೆ ಮತ್ತು ಭಾನುವಾರಗಳನ್ನು ಕೊಟ್ಟು ಮಾಡಿದ ಕೆಲಸ.

ಹೊಸಬರ ದೃಷ್ಟಿಯಿಂದ ಇದನ್ನು ನೋಡಿದರೆ ಒಂದು ದೊಡ್ಡ ಅನುಕೂಲ ಕಾಣುತ್ತದೆ, ಅದರ ಬೆನ್ನಿಗೇ ಒಂದು ಕೊರತೆಯೂ ಕಾಣುತ್ತದೆ. ಅನುಕೂಲವೆಂದರೆ, ಕನ್ನಡದ ಕೆಲಸದಲ್ಲಿ ಪ್ರೋಗ್ರಾಮಿಂಗ್ ಬಾರದವರಿಗೂ ಮೊದಲ ದಿನವೇ ಮಾಡಲು ಏನಾದರೂ ಸಿಗುತ್ತದೆ. ಮೆನುವಿನ ಸಾಲನ್ನು ಕನ್ನಡಕ್ಕೆ ತರಬಹುದು, ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕದ ಪುಟದ ಕರಡು ತಿದ್ದಬಹುದು, ಫಾಂಟಿನಲ್ಲಿ ‘ರ್ಕ್ಷ್ಯ’ದಂಥ ಜೋಡಿ ಎಲ್ಲಿ ಒಡೆಯುತ್ತದೆ ಎಂದು ಪರೀಕ್ಷಿಸಿ ಹೇಳಬಹುದು. ಕನ್ನಡ ಎಂ.ಎ. ಮಾಡಿದವರು ಇಲ್ಲಿ ಎಂಜಿನಿಯರಿಗಿಂತ ಒಂದು ಕೈ ಮೇಲೆ. ಕೊರತೆಯೆಂದರೆ, ಬಂದವರನ್ನು ನಾವು ಅಲ್ಲೇ ಬಿಟ್ಟುಬಿಟ್ಟೆವು. ಹತ್ತು ವರ್ಷ ಅನುವಾದ ಮಾಡಿದವರಿಗೂ, ಆ ಸಾಲುಗಳು ತಂತ್ರಾಂಶದೊಳಗೆ ಹೇಗೆ ಹೋಗಿ ಕೂರುತ್ತವೆ, ಬಿಡುಗಡೆ ಯಾರು ಮಾಡುತ್ತಾರೆ, ದೋಷ ಕಂಡರೆ ತಿದ್ದುವುದು ಹೇಗೆ ಎಂದು ಕೂತು ತೋರಿಸಿದವರು ಕಡಿಮೆ. ಹಾಗಾಗಿ ಕೆಲಸದ ಭಾರವೆಲ್ಲ ನಾಲ್ಕಾರು ಹೆಸರುಗಳ ಮೇಲೆಯೇ ನಿಂತಿತು. ಅವರಿಗೆ ಮದುವೆ, ಮಕ್ಕಳು, ಉದ್ಯೋಗ ಬದಲಾವಣೆ ಬಂದಾಗಲೆಲ್ಲ ಕೆಲಸ ನಿಂತುಹೋಯಿತು. ಕನ್ನಡದ ಮುಕ್ತ ತಂತ್ರಾಂಶಕ್ಕೆ ಹಣದ ಅಭಾವಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿರುವುದು ಅವರ ಜಾಗಕ್ಕೆ ಬರುವ ಎರಡನೆಯ ಸಾಲು ಇಲ್ಲದಿರುವುದೇ.

ಕಲಿಸುವ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬ್ಯಾಂಗಲೂರ್’ ಎಂದು ಶುರುವಾಗಿ ಆಮೇಲೆ ‘ಫಾಸ್ ಡಾಟ್ ಇನ್’ ಆದ ಸಮ್ಮೇಳನ 2012ರವರೆಗೆ ನಡೆಯಿತು. ಕೇಳುಗರು ಕೇಳಿ ಎದ್ದುಹೋಗುತ್ತಾರೆ, ಕೊಡುಗೆ ಕೊಡುವವರು ಹುಟ್ಟುತ್ತಿಲ್ಲ ಎಂದು ಕಂಡ ಮೇಲೆ ಅದರ ಸಂಘಟಕರು ಕೂತು ಕೋಡ್ ಬರೆಯುವ ‘ವರ್ಕ್‌ಔಟ್’ಗಳಿಗೆ ಜಾಗ ಮಾಡಿಕೊಟ್ಟರು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗುಂಪುಗಳನ್ನು ಕಟ್ಟಿ ಬೇಸಿಗೆ ಶಿಬಿರಗಳನ್ನು ನಡೆಸಿತು. ಇದೇ ಬಳಗದ ನಂಟಿರುವ, ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ನಾನು ಇವೆಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಅಲ್ಲಿನ ಮಕ್ಕಳಿಗೆ ಕೊಟ್ಟರು. ಮಕ್ಕಳು ಜಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬರೆಯುತ್ತ ಕಂಪ್ಯೂಟರ್ ಕಲಿತರು. ಕಲಿತವರು ಕಿರಿಯರಿಗೆ ಕಲಿಸಿದರು. ವಾರವಾರ ಅದೇ ಓಣಿಗೆ ಅದೇ ಜನ ಬಂದದ್ದು ಅದನ್ನು ಉಳಿಸಿತು.

ಗಡಿಯಾಚೆಗಿನ ಕನ್ನಡಿಗರ ಅನುಭವವನ್ನು ಇಲ್ಲಿ ಹೇಳಲೇಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವ ಕಂಪ್ಯೂಟರ್ ಪಾಠ ಪೂರ್ತಿ ಮುಕ್ತ ತಂತ್ರಾಂಶದ ಮೇಲೆ ನಿಂತದ್ದು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ‘ಕೈಟ್’ ಆಯಿತು. ಶಾಲಾ ಲ್ಯಾಬುಗಳಿಗೆ ಲಿನಕ್ಸ್ ಬಂತು, ಐಸಿಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಬಂತು. 2018ರಿಂದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳು ಪ್ರೌಢಶಾಲೆಗಳಲ್ಲಿವೆ. ಕುಂಬಳೆ, ಮಂಜೇಶ್ವರದ ಮಗುವಿಗೆ ಲಿನಕ್ಸ್ ಎಂಬುದು ಬೆರಗಿನ ವಸ್ತುವಾಗಿ ಉಳಿದಿಲ್ಲ, ಅದು ಶಾಲೆಯ ಕಂಪ್ಯೂಟರ್ ಅಷ್ಟೆ. ಕರ್ನಾಟಕದಲ್ಲೂ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ಕಲಿಸಿ, ಶಿಕ್ಷಕರೇ ಪಾಠಸಾಮಗ್ರಿ ಸೇರಿಸುವ ‘ಕೋಯರ್’ ವಿಕಿಯನ್ನು ಕಟ್ಟಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಒಂದು ರಾಜ್ಯ ಅದನ್ನು ಪಠ್ಯಕ್ರಮವಾಗಿ ಎತ್ತಿಕೊಂಡು ದಶಕಗಳ ಕಾಲ ಬಿಡದೆ ನಡೆಸಿದ್ದಕ್ಕೂ ಇನ್ನೊಂದು ರಾಜ್ಯ ಅದನ್ನು ಯೋಜನೆಯ ಅವಧಿಗೆ ಸೀಮಿತವಾಗಿ ನೋಡಿದ್ದಕ್ಕೂ ಫಲದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಹೊಸಬರ ಸಂಖ್ಯೆ ಹೆಚ್ಚಿಸುವುದೇ ಗುರಿಯಾದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಡಿಜಿಟಲ್‌ಓಷನ್ ಕಂಪನಿ 2014ರಲ್ಲಿ ಶುರುಮಾಡಿದ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ಅಕ್ಟೋಬರ್ ತಿಂಗಳಲ್ಲಿ ಕೆಲವು ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ, ಒಂದೆರಡು ಪದ ಸೇರಿಸಿ ಕಳಿಸಿದರೂ ಸಾಕು ಎಂದು ತೋರಿಸಿದ ವಿಡಿಯೊ ನೋಡಿ ಸಾವಿರಾರು ಜನ ಹಾಗೇ ಮಾಡಿದರು. ಯೋಜನೆಗಳ ನಿರ್ವಾಹಕರು ಕಂಗಾಲಾದರು; ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬೇಕೆಂದು ಕಂಪನಿ ತಿಂಗಳ ಆರಂಭದಲ್ಲೇ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಹೆಸರಾಂತ ಜಾವಾಸ್ಕ್ರಿಪ್ಟ್ ಯೋಜನೆಗೆ ಭಾರತದ ಆರಂಭಿಕರಿಂದ ರೀಡ್‌ಮಿ ಕಡತದಲ್ಲಿ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟುಗಳ ಸುರಿಮಳೆಯಾಯಿತು. ಅದೂ ಒಂದು ಪಾಠದ ವಿಡಿಯೊದಲ್ಲಿ ತೋರಿಸಿದ ಅಭ್ಯಾಸದ ಫಲ. ಆಗ ಅನೇಕರು ಭಾರತದ ವಿದ್ಯಾರ್ಥಿಗಳನ್ನು ಗೇಲಿ ಮಾಡಿದರು. ನನಗೆ ಆ ಮಕ್ಕಳ ಮೇಲೆ ಸಿಟ್ಟಿಲ್ಲ. ಇಷ್ಟು ಜನರಿಗೆ ಒಳಗೆ ಬರಬೇಕೆಂಬ ಆಸೆ ಇದ್ದು, ದಾರಿ ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲದಿದ್ದಾಗ ವಿಡಿಯೊದಲ್ಲಿ ಕಂಡದ್ದನ್ನೇ ಅವರು ಮಾಡಿದರು.

ಆದರೆ ಆ ಕಡೆ ಕೂತವರ ಕಷ್ಟವೂ ಅಷ್ಟೇ ನಿಜ. ಬಹುಪಾಲು ಯೋಜನೆಗಳನ್ನು ಒಬ್ಬರೋ ಇಬ್ಬರೋ ತಮ್ಮ ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆ. ‘ಎಕ್ಸ್‌ಜಡ್’ ಎಂಬ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುವ ಸಣ್ಣ ತಂತ್ರಾಂಶವನ್ನು ಒಬ್ಬರೇ ದಣಿದು ನಡೆಸುತ್ತಿದ್ದಾಗ, ಸಹಾಯಕ್ಕೆಂದು ಬಂದ ಹೊಸಬರೊಬ್ಬರು ವರ್ಷಗಳ ಕಾಲ ನಂಬಿಕೆ ಗಳಿಸಿ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ‘ಕರ್ಲ್’ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್, ಎಐಯಿಂದ ಬರೆಸಿದ ಪೊಳ್ಳು ದೋಷವರದಿಗಳು ತಮ್ಮ ಸಮಯವನ್ನು ತಿನ್ನುತ್ತಿವೆ ಎಂದು ಬಹಿರಂಗವಾಗಿ ದೂರಿದ್ದಾರೆ. ಹೀಗಿರುವಾಗ ಅಪರಿಚಿತರ ಮೇಲೆ ಅನುಮಾನ ಬರುವುದು ಸಹಜ. ಸ್ವಾಗತ ಪುಕ್ಕಟೆಯಾಗಿ ಆಗುವ ಕೆಲಸವೆಂದು ನಂಬಿದ್ದೇ ತಪ್ಪು. ಅದಕ್ಕೆ ಒಬ್ಬರ ಗಂಟೆಗಳು ಖರ್ಚಾಗುತ್ತವೆ, ಆ ಗಂಟೆಗಳನ್ನು ಯಾರಾದರೂ ಭರಿಸಬೇಕು.

ಭರಿಸಿದಾಗ ಏನಾಗುತ್ತದೆ ಎಂಬುದಕ್ಕೆ ‘ಔಟ್‌ರೀಚಿ’ ಸಾಕ್ಷಿ. ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟು ಮುಕ್ತ ತಂತ್ರಾಂಶದ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ 2006ರಲ್ಲಿ ಗ್ನೋಮ್ ಯೋಜನೆಯ ಕಡೆಗೆ 181 ಅರ್ಜಿಗಳು ಬಂದವು, ಒಂದೂ ಹೆಣ್ಣುಮಕ್ಕಳದಾಗಿರಲಿಲ್ಲ. ಅದೇ ವರ್ಷ ಗ್ನೋಮ್ ಹೆಣ್ಣುಮಕ್ಕಳಿಗೆಂದೇ ಕೆಲವು ಜಾಗಗಳನ್ನು ಘೋಷಿಸಿದಾಗ ನೂರರಷ್ಟು ಅರ್ಜಿಗಳು ಬಂದವು. ಆಸಕ್ತರು ಎಲ್ಲೂ ಹೋಗಿರಲಿಲ್ಲ, ತಮ್ಮನ್ನು ಕರೆದಿದ್ದಾರೆ ಎಂದು ಅವರಿಗೆ ಅನಿಸಿರಲಿಲ್ಲ. ಅದರಿಂದ ಬೆಳೆದ ಔಟ್‌ರೀಚಿ ಕಾರ್ಯಕ್ರಮದಲ್ಲಿ ಆಯ್ಕೆಗೆ ಮೊದಲೇ ಮೆಂಟರ್ ಜೊತೆ ಮಾತಾಡಿ ಒಂದು ಸಣ್ಣ ಕೆಲಸ ಮಾಡಿ ತೋರಿಸಬೇಕು. ಆಯ್ಕೆಯಾದವರಿಗೆ ಸಂಭಾವನೆ ಉಂಟು. ಮೊದಲ ಉತ್ತರವನ್ನು ಅದೃಷ್ಟಕ್ಕೆ ಬಿಡದೆ ಕಾರ್ಯಕ್ರಮದೊಳಗೇ ಕೂರಿಸಿದ್ದಾರೆ.

ನಡತೆಯ ನಿಯಮಾವಳಿಗಳ ಬಗ್ಗೆ ಬಹಳ ಚರ್ಚೆಯಾಗಿದೆ, ನಾನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2014ರ ‘ಕಂಟ್ರಿಬ್ಯೂಟರ್ ಕವೆನೆಂಟ್’ ಎಂಬ ನಿಯಮಾವಳಿ ಇವತ್ತು ಅಸಂಖ್ಯ ಯೋಜನೆಗಳಲ್ಲಿದೆ. 2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ತಮ್ಮ ಒರಟು ಮಾತುಗಳಿಗೆ ಕ್ಷಮೆ ಕೇಳಿ ಕೆಲಕಾಲ ದೂರ ಸರಿದಾಗ ಲಿನಕ್ಸ್ ಕರ್ನಲ್ ಕೂಡ ಅದನ್ನು ಆಧರಿಸಿದ ನಿಯಮಾವಳಿ ಒಪ್ಪಿತು. ಅವಮಾನ ತಡೆಯಲು ಅದು ಬೇಕೇ ಬೇಕು. ಆದರೆ ಅವಮಾನ ಮಾಡದೆ ಸುಮ್ಮನಿದ್ದುಬಿಡುವ ಸಮುದಾಯದಲ್ಲೂ ಹೊಸಬರು ನಿಲ್ಲುವುದಿಲ್ಲ.

ಈಗ ಇವನ್ನೆಲ್ಲ ಕೆಂಕೆರೆಯಿಂದ ನೋಡಬೇಕು. ಇಲ್ಲಿಂದ ಬೆಂಗಳೂರು 150 ಕಿ.ಮೀ. ಆಸುಪಾಸು. ಶನಿವಾರ ಸಂಜೆ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ನಡೆಯುವ ಸಭೆ ಮುಗಿಸಿಕೊಂಡು ಹುಡುಗಿಯೊಬ್ಬಳು ರಾತ್ರಿಗೆ ಮನೆ ಸೇರುವುದು ಆಗದ ಮಾತು. ಹತ್ತಿರದಲ್ಲಿ ಹುಳಿಯಾರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಎಂಜಿನಿಯರಿಂಗ್ ಎಂದರೆ ತಿಪಟೂರಿನ ಕಲ್ಪತರು ಇನ್‌ಸ್ಟಿಟ್ಯೂಟ್, ಇನ್ನೂ ಮುಂದೆ ಹೋದರೆ ತುಮಕೂರಿನ ಸಿದ್ಧಗಂಗಾ. ತೆಂಗಿನ ಆದಾಯದ ಮೇಲೆ ನಿಂತ ಮನೆಗಳಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಲ್ಯಾಪ್‌ಟಾಪ್ ಅಪರೂಪ. ಕೊಬ್ಬರಿ ಬೆಲೆ ಕುಸಿದ ವರ್ಷ ಅದನ್ನು ಕೊಡಿಸಿ ಎಂದು ಅಪ್ಪನನ್ನು ಕೇಳಲು ಮಗಳಿಗೆ ಬಾಯಿ ಬರುವುದಿಲ್ಲ. ಆದರೆ ಮುಕ್ತ ತಂತ್ರಾಂಶದ ಬಹುಪಾಲು ಆರಂಭಿಕ ಪಾಠಗಳು ಲ್ಯಾಪ್‌ಟಾಪ್ ಇದೆ, ಇಂಗ್ಲಿಷ್ ಬರುತ್ತದೆ, ನೆಟ್ ಸದಾ ಇದೆ ಎಂಬ ನಂಬಿಕೆಯಿಂದಲೇ ಹೊರಡುತ್ತವೆ.

ಮೊಬೈಲಿನಿಂದಲೇ ಶುರುವಾಗುವ ಕೆಲಸಗಳೂ ಇವೆ. ಅವುಗಳಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ನನಗೆ ಎಲ್ಲಕ್ಕಿಂತ ಇಷ್ಟ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮುಕ್ತ ನಕ್ಷೆಗೆ ನಮ್ಮೂರಿನ ಕೆರೆ, ಕೋಡಿ, ತೋಟದ ದಾರಿ, ದೇವಸ್ಥಾನ, ಅಂಗನವಾಡಿ, ಬಸ್ ನಿಲ್ಲುವ ಜಾಗವನ್ನು ಸೇರಿಸಬಹುದು, ಪ್ರತಿಯೊಂದರ ಹೆಸರನ್ನೂ ಕನ್ನಡದಲ್ಲೇ ಬರೆಯಬಹುದು. ಈ ಕೆಲಸದಲ್ಲಿ ಹೊಸಬಳೇ ತಜ್ಞೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿಯ ಓಣಿ ಎಲ್ಲಿ ತಿರುಗುತ್ತದೆ ಎಂದು ಬೆಂಗಳೂರಿನ ಯಾವ ಪರಿಣತರಿಗೂ ಅವಳಷ್ಟು ಗೊತ್ತಿಲ್ಲ. ತೆಂಗಿನ ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗದ ಬಗ್ಗೆ ತೋಟಗಳಲ್ಲಿ ಇರುವ ತಿಳಿವಳಿಕೆ ಕನ್ನಡ ವಿಕಿಪೀಡಿಯಕ್ಕೂ ರೈತರಿಗಾಗಿ ಮಾಡುವ ಮುಕ್ತ ಆ್ಯಪ್‌ಗಳಿಗೂ ಬೇಕಾದದ್ದು. ತನಗೆ ಗೊತ್ತಿರುವುದನ್ನು ಕೊಟ್ಟು ಒಳಗೆ ಬಂದವಳಿಗೆ, ಗೊತ್ತಿಲ್ಲದ್ದನ್ನು ಕೇಳಲು ಸಂಕೋಚ ಕಡಿಮೆ.

ನಮ್ಮ ತುಮಕೂರು ಜಿಲ್ಲೆಯಲ್ಲೇ ಇದಕ್ಕೆ ಹತ್ತಿರದ ಒಂದು ಮಾದರಿಯಿದೆ. ದೇವರಾಯನದುರ್ಗದ ಬಳಿ ಟಿ.ಬಿ. ದಿನೇಶ್ ಮತ್ತು ಅವರ ‘ಜನಸ್ತು’ ಬಳಗ ಹಳ್ಳಿಯೊಳಗೆ ವೈಫೈ ಜಾಲ ಹಾಕಿ, ಓದು ಬರಹ ಬಾರದವರೂ ಧ್ವನಿಯಲ್ಲೇ ತಮ್ಮ ಕಥೆ ದಾಖಲಿಸಿ ಅದಕ್ಕೆ ಗುರುತು ಹಚ್ಚಬಹುದಾದ ‘ಪಾಪಡ್’ ಎಂಬ ಮುಕ್ತ ಸಾಧನವನ್ನು ಬೆಳೆಸಿದೆ. ಅಕ್ಷರ ಬಂದ ಮೇಲೆ ತಂತ್ರಜ್ಞಾನ ಎಂಬ ಕ್ರಮವನ್ನೇ ಅವರು ಪ್ರಶ್ನಿಸಿದ್ದಾರೆ.

ಭಾಷೆಯ ವಿಷಯದಲ್ಲಿ ನಾವು ಇನ್ನೂ ಧೈರ್ಯ ಮಾಡಬೇಕು. 1995ರಲ್ಲಿ ಹೊರಬಂದ ರೂಬಿ ಭಾಷೆಯ ಆರಂಭದ ಚರ್ಚೆಗಳೆಲ್ಲ ಜಪಾನಿ ಭಾಷೆಯಲ್ಲೇ ನಡೆದವು. ಇಂಗ್ಲಿಷ್ ವೇದಿಕೆ ಆಮೇಲೆ ಬಂತು. ಅದರಿಂದ ರೂಬಿ ಜಗತ್ತಿಗೆ ಹೋಗುವುದೇನೂ ತಪ್ಪಲಿಲ್ಲ. ಕನ್ನಡದ ಫಾಂಟು, ಕೀಲಿಮಣೆ, ನಿಘಂಟು, ಕಾಗುಣಿತ ಪರೀಕ್ಷಕಗಳ ದೋಷವರದಿಯನ್ನು ಕನ್ನಡದಲ್ಲೇ ಬರೆಯಬಹುದು ಎಂದು ಆಯಾ ಯೋಜನೆಗಳು ಮೊದಲ ಸಾಲಿನಲ್ಲೇ ಹೇಳಬೇಕು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಲಿನಕ್ಸ್, ಲಿಬ್ರೆ ಆಫೀಸ್‌ನಂಥ ಹಲವು ಪಾಠಗಳಿಗೆ ಕನ್ನಡ ಧ್ವನಿ ಕೊಟ್ಟಿರುವುದರಿಂದ ಕಲಿಕೆಗೆ ಒಂದು ಆಸರೆ ಇದೆ. ಕಲಿತ ಮೇಲೆ ಹೋಗಿ ನಿಲ್ಲುವ ಮನೆಯಲ್ಲೂ ಕನ್ನಡ ಇರಬೇಕಲ್ಲ?

ತೆಂಗಿನ ಸಸಿ ನೆಟ್ಟವರಿಗೆ ಗೊತ್ತು, ಗುಂಡಿ ತೆಗೆದು ನೆಡುವುದು ಒಂದು ದಿನದ ಕೆಲಸ, ಮೊದಲ ಬೇಸಿಗೆಗಳಲ್ಲಿ ನೀರು ಹೊರುವುದೇ ನಿಜವಾದ ದುಡಿಮೆ. ಶಿಬಿರಗಳ ವಿಷಯದಲ್ಲಿ ನಾವು ನೆಟ್ಟ ದಿನದ ಫೋಟೊ ತೆಗೆದು ಬಂದುಬಿಟ್ಟಿದ್ದೇವೆ. ಎರಡು ದಿನದ ಶಿಬಿರಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಬ್ಬ ಮೆಂಟರ್ ಆರು ತಿಂಗಳು ವಾರಕ್ಕೆರಡು ಸಂಜೆ ಹತ್ತು ವಿದ್ಯಾರ್ಥಿಗಳಿಗೆ ಉತ್ತರ ಕೊಡುವಂತೆ ಮಾಡುವುದು ಹೆಚ್ಚು ಫಲಕಾರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಮುಕ್ತ ತಂತ್ರಾಂಶದ ಮೇಲೆಯೇ ವ್ಯವಹಾರ ಕಟ್ಟಿಕೊಂಡ ಬೆಂಗಳೂರಿನ ಕಂಪನಿಗಳು ಇದಕ್ಕೆ ಹಣ ಕೊಡಬೇಕೆಂದು ನಾನು ಕೇಳುತ್ತೇನೆ. ಮೆಂಟರ್‌ಗೆ ಗೌರವಧನ ಇರಲಿ. ಮೂರು ದಿನದೊಳಗೆ ಉತ್ತರ ಎಂಬ ಕಟ್ಟುನಿಟ್ಟೂ ಇರಲಿ. ಅನುವಾದದಿಂದ ಬಂದವರಿಗೆ ಮೊದಲ ಆರು ತಿಂಗಳಲ್ಲೇ ಒಂದು ಸಣ್ಣ ದೋಷವನ್ನು ಜೊತೆಗೆ ಕೂತು ತಿದ್ದಿಸಬೇಕು. ವರ್ಷ ಕಳೆದವರಿಗೆ ಬಿಡುಗಡೆ ಮಾಡುವ ಹಕ್ಕನ್ನೇ ಒಪ್ಪಿಸುತ್ತ ಹೋಗಬೇಕು.

ಹುಳಿಯಾರಿನ ಕಾಲೇಜಿನಲ್ಲೋ ತಿಪಟೂರಿನಲ್ಲೋ ಇದನ್ನು ಆರಂಭಿಸಲು ಹೊಸ ಕಟ್ಟಡ ಬೇಕಾಗಿಲ್ಲ. ಸಂಜೆ ಬೀಗ ಹಾಕುವ ಲ್ಯಾಬಿನ ಕೀಲಿ, ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಡುವ ಇಬ್ಬರು ವಿದ್ಯಾರ್ಥಿಗಳು, ಕೊನೆಯ ಬಸ್ಸಿಗೆ ಮೊದಲು ಮುಗಿಯುವ ಸಮಯ, ಹೆಣ್ಣುಮಕ್ಕಳ ಮನೆಯವರೊಡನೆ ಮಾತಾಡುವ ಒಬ್ಬ ಅಧ್ಯಾಪಕಿ ಇಷ್ಟು ಸಾಕು. ಮೊದಲ ಸೆಮಿಸ್ಟರಿನಲ್ಲಿ ಹುಳಿಯಾರು ಹೋಬಳಿಯ ಕೆರೆಗಳನ್ನು ನಕ್ಷೆಗೆ ಏರಿಸಲಿ. ಎರಡನೆಯದರಲ್ಲಿ, ಅದೇ ನಕ್ಷೆಯಲ್ಲಿ ಕನ್ನಡ ಹೆಸರು ಸರಿಯಾಗಿ ಮೂಡದ ಕಡೆ ದೋಷ ಎಲ್ಲಿದೆ ಎಂದು ಹುಡುಕಿ, ಕನ್ನಡದಲ್ಲೇ ವರದಿ ಬರೆದು ಕಳಿಸಲಿ. ಅದನ್ನು ಓದಿ ಮೂರು ದಿನದೊಳಗೆ ಉತ್ತರಿಸಲು ಒಪ್ಪಿಕೊಂಡವರ ಹೆಸರು ಮೊದಲ ದಿನವೇ ಲ್ಯಾಬಿನ ಬಾಗಿಲ ಮೇಲೆ ಬರೆದಿರಲಿ.